ಕುಕ್ಕರಿನಲ್ಲಿ ಬೆಂದ ಕಳ್ಳಿ

ಅಮರಮ್ಮ ಅಂಜುಬುರುಕಿ ಎಂದು ಕಾಲೇಜಿನಲ್ಲೆಲ್ಲ ಹೆಸರಾಗಿತ್ತು. ರಾಯಚೂರಿನ ಒಂದು ಖಾಸಗಿ ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಅಟೆಂಡರ್ ಆಗಿದ್ದವಳು. ಸೀಸೆ ತೊಳೆಯುವುದು, ಆಸಿಡ್ ಅಳೆದು ಕೊಡುವುದು, ಹುಡುಗರು ಒಡೆದ ಗಾಜು ಬಳಿಯುವುದು ಆಕೆಯ ಕೆಲಸ. ಇಷ್ಟು ವರ್ಷದಲ್ಲಿ ಲ್ಯಾಬಿನೊಳಗೆ ಒಂದು ಗುಟುಕು ನೀರು ಕುಡಿದವಳಲ್ಲ. ಬಾಯಿ ಒಣಗಿದರೆ ವರಾಂಡಕ್ಕೆ ಹೋಗಿ, ಸೋಪು ಹಚ್ಚಿ ಮೂರು ಸಲ ಕೈ ತೊಳೆದು, ಆಮೇಲೆ ಬಾಟಲಿ ಮುಟ್ಟುವಳು. ಹೊಸದಾಗಿ ಬಂದ ಲೆಕ್ಚರರು ಇದನ್ನು ನೋಡಿ ನಗುತ್ತಿದ್ದರು. "ನಗ್ರಿ ಸರ್, ನಗ್ರಿ. ಅಂಜಿದಾಕಿ ಬೆರಳು ಹತ್ತೂ ಅದಾವ ನೋಡ್ರಿ" ಎಂದು ಎರಡೂ ಕೈ ಚಾಚಿ ತೋರಿಸುವಳು. ಆಗ ನಗು ನಿಲ್ಲುತ್ತಿತ್ತು, ಯಾಕೆಂದರೆ ಅಂಜದ ಒಬ್ಬ ಲೆಕ್ಚರರ ಎಡಗೈಯಲ್ಲಿ ಮೂರೇ ಬೆರಳಿದ್ದುದು ಎಲ್ಲರಿಗೂ ಗೊತ್ತಿತ್ತು.

ಈ ಅಂಜಿಕೆಯೆಲ್ಲ ತನಗಾಗಿ ಅಲ್ಲ, ತಮ್ಮನಿಗಾಗಿ. ದೇವದುರ್ಗದ ಹತ್ತಿರದ ಹಳ್ಳಿಯಲ್ಲಿ ಕೂಲಿ ಮಾಡುತ್ತಿದ್ದ ಮನೆ ಅವರದು. ಅಪ್ಪ ಮೊದಲೇ ಹೋಗಿದ್ದ, ಅವ್ವ ತೀರಿಕೊಂಡಾಗ ಅಮರಮ್ಮನಿಗೆ ಹತ್ತೊಂಬತ್ತು, ತಮ್ಮ ಹುಲಿಗೇಶನಿಗೆ ಏಳು. ಅಂದಿನಿಂದ ಅವನಿಗೆ ಅಕ್ಕನೂ ಅವಳೇ, ಅವ್ವನೂ ಅವಳೇ. ದೇವದುರ್ಗದ ಹಾಸ್ಟೆಲಿಗೆ ಹಾಕಿದಳು. ರಜೆಗೆ ಬಂದರೂ ಅವನ ಕೈಗೆ ಕುಡುಗೋಲು ಕೊಡಲಿಲ್ಲ, ಹೊಲದ ಕಡೆ ಮುಖ ಮಾಡಲು ಬಿಡಲಿಲ್ಲ. ಮದುವೆಯ ಮಾತು ಬಂದಾಗ "ಮೊದಲು ಹುಲಿಗ್ಯಾಂದು ಒಂದು ದಡ ಮುಟ್ಟಲಿ" ಅಂದಳು. ದಡ ಮುಟ್ಟುವ ಹೊತ್ತಿಗೆ ಕೇಳುವವರೇ ಇರಲಿಲ್ಲ. ಹುಲಿಗೇಶ ಕಲಬುರಗಿಯಲ್ಲಿ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದ. ಆ ದಿನ ಅಮರಮ್ಮ ಲ್ಯಾಬಿನ ಎಲ್ಲರಿಗೂ ಪೇಡೆ ಹಂಚಿದ್ದಳು.

ಆದರೆ ಓದಿದವನ ಹಣೆಬರಹವೇ ಬೇರೆ. ಮಾನ್ವಿಯ ಒಂದು ಖಾಸಗಿ ಪಿ.ಯು. ಕಾಲೇಜಿನಲ್ಲಿ ಹನ್ನೊಂದು ವರ್ಷ ಪಾಠ ಮಾಡಿದ. ಅಲ್ಲಿ ಲ್ಯಾಬ್ ಎಂಬುದು ಬೀಗ ಹಾಕಿದ ಒಂದು ಕೋಣೆ. ತನಿಖೆಗೆ ಬಂದವರಿಗೆ ಮಾತ್ರ ಅದನ್ನು ತೆರೆದು ತೋರಿಸುತ್ತಿದ್ದರು. ಹುಲಿಗೇಶ ಆಸಿಡ್ಡಿನ ಬಣ್ಣವನ್ನೂ ಬೋರ್ಡಿನ ಮೇಲೆ ಚಾಕ್‌ಪೀಸಿನಿಂದಲೇ ಬರೆದ. ಹೋದ ವರ್ಷ ಆ ಕಾಲೇಜೂ ಮುಚ್ಚಿತು. ಮಾನ್ವಿಯಲ್ಲೇ ಉಮಾದೇವಿ ಎಂಬವರ ಮನೆಯ ಮಹಡಿ ಹಿಡಿದು ಟ್ಯೂಷನ್ ಹೇಳುತ್ತಿದ್ದ. ಮೂವತ್ತೆಂಟರ ಗಂಡಸು, ಮಾತು ಕಡಿಮೆಯಾಗಿ, ಗಡ್ಡ ಬಿಟ್ಟು, ಇಡೀ ದಿನ ಫೋನು ನೋಡುತ್ತ ಕೂರುವುದನ್ನು ಕಲಿತಿದ್ದ. "ಮನಸ್ಸು ಮಂಕಾಗ್ಯದಕ್ಕ" ಅನ್ನುತ್ತಿದ್ದ. ಅಮರಮ್ಮ ನೀರಮಾನ್ವಿ ಯಲ್ಲಮ್ಮನಿಗೆ ಹರಕೆ ಹೊತ್ತಳು. ಅದಾದ ಮೇಲೆ ಒಂದು ಅನುದಾನಿತ ಕಾಲೇಜಿನ ಹುದ್ದೆಯ ಪಟ್ಟಿಯಲ್ಲಿ ಹುಲಿಗೇಶನ ಹೆಸರು ಬಂತು. ಕಾಗದಪತ್ರ ಪರಿಶೀಲನೆಗೆ ಇನ್ನು ಎಂಟು ದಿನ ಇತ್ತು.

ಆ ಶನಿವಾರ ಲ್ಯಾಬಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಮಧ್ಯಾಹ್ನ ಫೋನು ಬಂತು.

"ಅಕ್ಕಾ, ಒಂದ್ ಮಾತು. ನಿಮ್ಮ ಲ್ಯಾಬಿನ್ಯಾಗ ಎರಡು ಪದರು ಬ್ಯಾರೆ ಆಗಲಿಲ್ಲಂದ್ರ ಏನ್ ಮಾಡ್ತಾರ? ಎಣ್ಣಿ, ನೀರು ಇದ್ದಂಗ ಮ್ಯಾಲ ಕೆಳಗ ನಿಲ್ಲಬೇಕು. ನಿಲ್ಲವಲ್ದು. ಮಜ್ಜಿಗಿ ಆದಂಗ ಆಗ್ಯದ."

ಅಮರಮ್ಮನಿಗೆ ಮೊದಲು ಹೆಮ್ಮೆಯೇ ಆಯಿತು. ಎಂ.ಎಸ್ಸಿ. ಓದಿದ ತಮ್ಮ, ಪಿ.ಯು.ಸಿ. ಮುಗಿಸದ ಅಕ್ಕನನ್ನು ಕೇಳುತ್ತಿದ್ದಾನೆ. ಅದರಲ್ಲೂ ಆ ಪದರುಗಳ ಸೀಸೆ ಅವಳೇ ಕೊಟ್ಟದ್ದು. ಬಾಯಿ ಚಕ್ಕೆ ಎದ್ದ, ಬುಡದಲ್ಲಿ ನಲ್ಲಿಯಿರುವ ಒಂದು ಗಾಜಿನ ಫನಲ್ಲು, ಒಡೆದ ಸಾಮಾನಿನ ಪಟ್ಟಿಗೆ ಸೇರಿದ್ದು, "ಟ್ಯೂಷನ್ ಹುಡುಗ್ರಿಗೆ ತೋರ್ಸಾಕ ಬೇಕು" ಎಂದು ಅವನು ಕೇಳಿದಾಗ ಚೀಲದಲ್ಲಿ ಹಾಕಿ ಕೊಟ್ಟಿದ್ದಳು. ಅದರ ಕುತ್ತಿಗೆಯ ಮೇಲೆ ಕಾಲೇಜಿನ ನಂಬರು ಕೆಂಪು ಪೇಂಟಿನಲ್ಲಿ ಹಾಗೇ ಇತ್ತು.

"ಯಾವ ಸಾಮಾನು ಹಾಕೀಯಪ್ಪಾ ಅದರಾಗ?"

"ಸುಮ್ನ, ಹುಡುಗ್ರಿಗೆ ತೋರ್ಸಾಕ."

"ನಿನ್ನ ದನಿ ಯಾಕೋ ಒಡದದ?"

"ನೆಗಡಿ ಆಗ್ಯದ."

ಅಷ್ಟರಲ್ಲಿ ಪರೀಕ್ಷಕರು ಕೂಗಿದರು. ಸಂಜೆ ಮಾತಾಡೋಣ ಎಂದು ಫೋನಿಟ್ಟಳು. ಸಂಜೆ ಮಾಡಿದರೆ ಅವನು ಎತ್ತಲಿಲ್ಲ. ಆಗಲೇ ಹೊರಡಬೇಕಿತ್ತು ಎಂದು ಆಮೇಲೆ ಎಷ್ಟು ಸಲ ಹಣೆ ಬಡಿದುಕೊಂಡಳೋ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸು ಹತ್ತಿದಳು. ಕಲ್ಲೂರು ದಾಟುವ ತನಕ ಮಜ್ಜಿಗೆ, ಪದರು, ಒಡೆದ ದನಿ ಇವೇ ತಲೆಯಲ್ಲಿ ಸುತ್ತುತ್ತಿದ್ದವು. ಹುಡುಗರಿಗೆ ತೋರಿಸುವವನು ಅದು ಬೇರೆಯಾಗಲಿಲ್ಲವೆಂದು ಅಷ್ಟೊಂದು ಕಳವಳಪಡುತ್ತಾನೆಯೇ? ಹಗ್ಗ ಕಂಡು ಹಾವೆನ್ನುವ ಸ್ವಭಾವ ತನ್ನದು ಎಂದು ತನ್ನನ್ನೇ ಬೈದುಕೊಂಡಳು.

ಮಾನ್ವಿಯ ಆ ಮನೆಯ ಮೆಟ್ಟಿಲು ಹತ್ತುವಾಗ ಅವಳ ಮೂಗು ಮೊದಲು ಹೆದರಿತು. ಪೇಂಟಿನ ಅಂಗಡಿಯ ಥಿನ್ನರಿನ ವಾಸನೆ. ಮೇಲೆ ಬಾಗಿಲು ಹಾಕಿದೆ, ಕಿಟಕಿಗಳಿಗೆ ಒಳಗಿನಿಂದ ಚಾದರ ಇಳಿಬಿಟ್ಟಿದೆ. ಕೆಳಗೆ ಉಮಾದೇವಿ ಒಲೆಯ ಮೇಲೆ ಬಾಣಲೆ ಇಟ್ಟು ಮೆಣಸಿನಕಾಯಿ ಬಜ್ಜಿ ಬಿಡುತ್ತಿದ್ದಳು. ಅಮರಮ್ಮ ಅರ್ಧ ಮೆಟ್ಟಿಲಿನಿಂದಲೇ ತಿರುಗಿ ಓಡಿ ಇಳಿದಳು.

"ಯಕ್ಕಾ, ಗ್ಯಾಸ್ ಬಂದ್ ಮಾಡ್ರಿ! ಒಲಿ ಬಂದ್ ಮಾಡ್ರಿ ಅಂದೆ!"

"ಅಯ್ಯ, ಯಾಕ್ರೀ ಅಕ್ಕಾರ? ಬಜ್ಜಿ ಅರ್ಧಾ ಬೆಂದಾವಲ್ರೀ."

"ಬಜ್ಜಿ ಹಾಳಾಗಿ ಹೋಗ್ಲಿ. ಮ್ಯಾಲ ಬೆಂಕಿ ಹತ್ತೋ ಸಾಮಾನದ. ಕಡ್ಡಿ ಗೀರಬ್ಯಾಡ್ರಿ, ದೀಪಾ ಹಚ್ಚಬ್ಯಾಡ್ರಿ, ಹೊರಗ ಬಂದು ನಿಂದ್ರಿ."

ಉಮಾದೇವಿ ಸೆರಗು ಬಾಯಿಗೆ ಒತ್ತಿಕೊಂಡು ಅಂಗಳಕ್ಕೆ ಬಂದಳು. ಅಮರಮ್ಮ ಮತ್ತೆ ಮೇಲೆ ಹೋಗಿ ಬಾಗಿಲು ಬಡಿದಳು. ಬಾಗಿಲು ತೆರೆಯಿತು. ಹುಲಿಗೇಶ ಮನೆಯೊಳಗೇ ಕಪ್ಪು ಕನ್ನಡಕ ಹಾಕಿದ್ದ. ತುಟಿಗಳು ಬಾತು ಬಿಳಚಿದ್ದವು. ಅವನನ್ನು ಪಕ್ಕಕ್ಕೆ ಸರಿಸಿ, ಒಂದೊಂದೇ ಚಾದರ ಕಿತ್ತು ಕಿಟಕಿ ತೆರೆದಳು. ಲೈಟಿನ ಬಟನ್ನಾಗಲಿ ಫ್ಯಾನಿನದಾಗಲಿ ಮುಟ್ಟಲಿಲ್ಲ. ಆಮೇಲೆ ತಿರುಗಿ ನೋಡಿದಳು.

ಅಡುಗೆ ಕಟ್ಟೆಯ ಮೇಲೆ ಕುಕ್ಕರ್ ಇತ್ತು. ಅದರೊಳಗೆ ಹಸಿರು ಲೋಳೆ. ಪಕ್ಕದಲ್ಲಿ ಪ್ಲಾಸ್ಟಿಕ್ ಡಬ್ಬಿಗಳು, ಒದ್ದೆ ಬಟ್ಟೆ. ಕುರ್ಚಿಗೆ ಹಗ್ಗದಿಂದ ಕಟ್ಟಿದ ಅವಳದೇ ಫನಲ್ಲು, ಅದರ ತುಂಬ ದಪ್ಪನೆಯ ಬೆಳ್ಳನೆಯ ನೊರೆ.

"ಏನೋ ಇದು?"

ಅವನು ಸುಳ್ಳು ಹೇಳಲು ನೋಡಿದ, ಬರಲಿಲ್ಲ.

"ಕಳ್ಳಿಯಿಂದ ಒಂದು ಸಾಮಾನು ತೆಗೀತಾರಕ್ಕ. ಹೊರದೇಶದಾಗ. ಮನಸ್ಸಿನ ಮಂಕು ಹೋಗ್ತದಂತ. ಫೋನಿನ್ಯಾಗ ಎಲ್ಲಾ ಬರದಾರ. ನಾನೂ ಕೆಮಿಸ್ಟ್ರಿ ಓದಿದಾಂವ. ಹನ್ನೊಂದು ವರ್ಷ ಬರೇ ಬೋರ್ಡ್ ಮ್ಯಾಲ ಬರದೆ, ಒಂದರ ಕೈಯಾರೆ ಮಾಡೂನು ಅಂದ್ಕೊಂಡೆ. ನಿನ್ನಿಯಿಂದ ಬಡಿದಾಡಾಕತ್ತೀನಿ, ಪದರು ಬ್ಯಾರೆ ಆಗವಲ್ದು. ಎಲ್ಲಿ ತಪ್ಪಾತು ತಿಳೀವಲ್ದು."

"ಅಂದ್ರ, ಇದು ನಶೆ ಸಾಮಾನಾ?"

ಅವನು ತಲೆ ತಗ್ಗಿಸಿದ.

ಅಮರಮ್ಮ ನೆಲದ ಮೇಲೆ ಕೂತಳು. ಓದಿ ಓದಿ ಮರುಳಾದ ಕೂಚಂಭಟ್ಟ ಅನ್ನುತ್ತಾರಲ್ಲ, ಆ ಭಟ್ಟ ತನ್ನ ಮನೆಯಲ್ಲೇ ಹುಟ್ಟಿದ್ದ. ಪೊಲೀಸರು, ಜೇಲು, ಪೇಪರಿನಲ್ಲಿ ಫೋಟೋ, ಪಟ್ಟಿಯಿಂದ ಹೆಸರು ಹೊಡೆಯುವುದು, ಕುರ್ಚಿಗೆ ಕಟ್ಟಿದ ಆ ಕೆಂಪು ನಂಬರು, ತನ್ನ ಕೆಲಸ, ಎಲ್ಲವೂ ಒಟ್ಟಿಗೇ ಕಣ್ಣ ಮುಂದೆ ಬಂದು ನಿಂತವು. ಎಲ್ಲವನ್ನೂ ಎತ್ತಿ ಹಳ್ಳಕ್ಕೆ ಸುರಿದು ಬರಲೇ ಅನ್ನಿಸಿತು. ಎದ್ದು ಮೂಲೆಯಲ್ಲಿದ್ದ ಗೊಬ್ಬರದ ಚೀಲಕ್ಕೆ ಕೈ ಹಾಕಲು ಹೋದಳು. ಅದರ ಬಾಯಲ್ಲಿ ಕತ್ತರಿಸಿ ಉಳಿದ ತುಂಡುಗಳು ಇಣುಕುತ್ತಿದ್ದವು. ಅವಳ ಕೈ ಅಲ್ಲೇ ನಿಂತಿತು.

ಹಸಿರು ಕಂಬ, ಮೂರು ಏಣು, ಏಣಿನುದ್ದಕ್ಕೂ ಜೋಡಿ ಜೋಡಿ ಮುಳ್ಳು. ಕತ್ತರಿಸಿದ ಕಡೆ ಒಣಗಿ ಹೆಪ್ಪುಗಟ್ಟಿದ ಬಿಳಿ ಮೇಣ.

"ಇದನ್ನ ಎಲ್ಲಿಂದ ತಂದೀ?"

"ಬಾಗಲವಾಡದ ಹೊಲದ ಬದುವಿನ್ಯಾಗಿಂದ. ಹೊಲದವ್ರು ಬೇಕಾದಷ್ಟು ಕಡ್ಕೊಂಡು ಹೋಗ್ರಿ ಸರ್ ಅಂದ್ರು. ವಿಡಿಯೋದಾಗ ಇದ್ದದ್ದು ಹಿಂಗಽ ಅದ ನೋಡಕ್ಕ." ಅವನು ಫೋನು ಚಾಚಿದ. ಅದರಲ್ಲಿ ಯಾವುದೋ ದೇಶದ ದಪ್ಪನೆಯ ಹಸಿರು ಕಂಬ ಇತ್ತು. ಅವಳು ಅದನ್ನು ನೋಡಲೇ ಇಲ್ಲ.

"ಕಡದಾಗ ಹಾಲು ಬಂತೇನೋ?"

"ಭಾಳ ಬಂತು. ವಿಡಿಯೋದಾಗ ಬಂದಿದ್ದಿಲ್ಲ. ನಮ್ಮ ಎರಿ ಮಣ್ಣಿನ ಗಿಡ, ಸತ್ವ ಜಾಸ್ತಿ ಇರ್ತದಂದ್ಕೊಂಡೆ."

ಪದರು ಯಾಕೆ ಬೇರೆಯಾಗುತ್ತಿಲ್ಲ ಎಂಬುದು ಅಮರಮ್ಮನಿಗೆ ತಿಳಿದುಹೋಯಿತು. ಫೋನಿನಲ್ಲಿದ್ದದ್ದು ಯಾವುದೋ, ಇವನು ತಂದದ್ದು ಯಾವುದೋ. ಇವನು ಕುಕ್ಕರಿನಲ್ಲಿ ಬೇಯಿಸಿದ್ದು ಊರ ಬೇಲಿಯ ಕಳ್ಳಿಯನ್ನು. ಕೂಲಿಯವರ ಮಕ್ಕಳಿಗೆ ನಡೆಯಲು ಬರುವುದಕ್ಕಿಂತ ಮೊದಲು ಕಲಿಸುವ ಪಾಠ ಅದು: ಕಳ್ಳಿಯ ಹಾಲು ಕಣ್ಣಿಗೆ ತಾಗಬಾರದು. ಬೇಲಿ ಕಡಿಯುವವರು ಕೈಗೆ ಎಣ್ಣೆ ಸವರಿ, ಮುಖಕ್ಕೆ ಬಟ್ಟೆ ಸುತ್ತಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಕಡಿದ ಕೈಯನ್ನು ಮನೆಗೆ ಬಂದು ಬೂದಿ ಹಚ್ಚಿ ತಿಕ್ಕುವ ತನಕ ಮೂಗನ್ನೂ ಮುಟ್ಟಿಕೊಳ್ಳುವುದಿಲ್ಲ. ಅಮರಮ್ಮ ಹನ್ನೊಂದನೆಯ ವಯಸ್ಸಿಗೆ ಅವ್ವನ ಜೊತೆ ಬೇಲಿ ಕಡಿದವಳು. ತಮ್ಮನಿಗೆ ಆ ಕೆಲಸ ಬರಬಾರದೆಂದು ಅವನನ್ನು ಹೊಲದಿಂದ ದೂರ ಇಟ್ಟಳು. ಕೆಲಸದ ಜೊತೆ ಆ ಪಾಠವೂ ಅವನಿಗೆ ಬರದೆ ಹೋಯಿತು. ಮೂವತ್ತೊಂದು ವರ್ಷ ತಾನು ಪಟ್ಟ ಕಷ್ಟವೆಲ್ಲ ಈ ಹೊತ್ತು ತಿರುಗಿ ನಿಂತು ತನ್ನನ್ನೇ ಹೊಡೆದ ಹಾಗಾಯಿತು.

"ಕನ್ನಡಕ ತಗಿ."

"ಕಣ್ಣು ಬಂದಾವಕ್ಕ, ಊರಾಗ ಎಲ್ಲಾರಿಗೂ ಬಂದಾವ."

"ತಗೀತೀಯೋ, ಇಲ್ಲೋ!"

ಬಲಗಣ್ಣು ರಕ್ತದ ಉಂಡೆಯಾಗಿತ್ತು. ರೆಪ್ಪೆ ಬಾತು, ಅರ್ಧ ಮುಚ್ಚಿ, ನೀರು ಸುರಿಯುತ್ತಿತ್ತು. ಕರಿಗುಡ್ಡೆಯ ಮೇಲೆ ಹೊಗೆ ಆಡಿದ ಹಾಗೆ ಒಂದು ಪೊರೆ. ಶುಕ್ರವಾರ ಸಂಜೆ ಕಡಿಯುವಾಗ ಬೆವರು ಒರೆಸಿಕೊಂಡೆನೆಂದು, ಆಗ ಸ್ವಲ್ಪ ಉರಿಯಿತೆಂದು, ನಿನ್ನೆ ರಾತ್ರಿಯಿಂದ ಆ ಕಣ್ಣಿಗೆ ಬೆಳಕು ನೋಡಲಾಗುತ್ತಿಲ್ಲವೆಂದು ಒಂದೊಂದಾಗಿ ಹೇಳಿದ. ಬಾಯಿ ಯಾಕೆ ಹೀಗಾಯಿತೆಂದು ಕೇಳಿದಾಗ ಕಟ್ಟೆಯ ಮೇಲಿದ್ದ ಚಮಚದ ಕಡೆ ನೋಡಿದ.

"ಕುಡದೀ?"

"ಮುಂಜಾನಿ. ಒಂದಽ ಚಮಚ. ಉಗುಳಿಬಿಟ್ಟೆ. ಸ್ವಲ್ಪ ಒಳಗ ಹೋತು."

ಅಂಜಿದವರ ಮೇಲೆ ಹಾವು ಒಗೆದರೆ ಅವರು ಕಿರಿಚುತ್ತಾರೆ ಅನ್ನುತ್ತಾರೆ. ಅಮರಮ್ಮ ಕಿರಿಚಲಿಲ್ಲ. ಇಪ್ಪತ್ತಾರು ವರ್ಷ ಲ್ಯಾಬಿನ ಗೋಡೆಯ ಮೇಲೆ ತೂಗಿದ್ದ ಪ್ರಥಮ ಚಿಕಿತ್ಸೆಯ ಹಲಗೆಯ ಮಾತುಗಳು ಅವಳ ಕೈಗೆ ತಾವಾಗಿಯೇ ಬಂದವು. ಅವನನ್ನು ಬಚ್ಚಲಿಗೆ ಎಳೆದೊಯ್ದು, ಮೊದಲು ತನ್ನ ಕೈ, ಆಮೇಲೆ ಅವನ ಕೈ ಸೋಪಿನಿಂದ ತಿಕ್ಕಿ ತೊಳೆದಳು. ತಲೆ ಬಲಕ್ಕೆ ವಾಲಿಸಿ, ರೆಪ್ಪೆ ಎರಡು ಬೆರಳಿನಿಂದ ಬಿಡಿಸಿ ಹಿಡಿದು, ತಂಬಿಗೆಯಿಂದ ಸಣ್ಣಗೆ ನೀರು ಬಿಟ್ಟಳು. ಅವನು ನೋವಿಗೆ ಕೊಸರಾಡಿದ. "ಅಲುಗಬ್ಯಾಡ ನನ್ನಪ್ಪಾ, ಅಲುಗಬ್ಯಾಡ" ಎನ್ನುತ್ತ ಎರಡು ಬಕೆಟ್ ಖಾಲಿ ಮಾಡಿದಳು. ಎರಡು ದಿನ ತಡವಾಗಿ ಬಿದ್ದ ನೀರು ಎಷ್ಟು ಕೆಲಸ ಮಾಡೀತೋ ಎಂಬ ಭಯ ಅವಳನ್ನು ಬಿಡಲಿಲ್ಲ.

"ನಡಿ, ದವಾಖಾನಿಗೆ."

"ಬ್ಯಾಡಕ್ಕ." ಅವನು ಗೋಡೆ ಹಿಡಿದುಕೊಂಡ. "ಏನಂತ ಹೇಳೂದು? ಪೊಲೀಸ್ರು ಬರ್ತಾರ. ಎಂಟು ದಿನದಾಗ ನನ್ನ ಕಾಗದಾ ನೋಡ್ತಾರ. ನಿಂದೂ ನೌಕರಿ ಹೋಗ್ತದ. ಎರಡು ದಿನ ತಡಿ, ತಾನಾಗೇ ಇಳೀತದ."

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅವಳಿಗೂ ಅದೇ ಭಯ. ಬಚ್ಚಲ ಬಾಗಿಲಲ್ಲಿ ನಿಂತು ಒಂದು ಕ್ಷಣ ಅವಳು ಕೂಡ ಆ ಎರಡು ದಿನದ ಆಸೆಗೆ ಒಲಿದಳು. ಆಮೇಲೆ ಅವನ ಕಣ್ಣನ್ನು ಇನ್ನೊಮ್ಮೆ ನೋಡಿ, ಟವೆಲು ಅವನ ತಲೆಯ ಮೇಲೆ ಹೊದಿಸಿ, ಕೈ ಹಿಡಿದು ಇಳಿಸಿಕೊಂಡು ಬಂದಳು. ಉಮಾದೇವಿಗೆ ಮೇಲಿನದೇನನ್ನೂ ಮುಟ್ಟಬಾರದೆಂದು, ಒಲೆ ಹಚ್ಚಬಾರದೆಂದು ಕೈಮುಗಿದು ಹೇಳಿ ಆಟೋ ಹತ್ತಿಸಿದಳು.

ತಾಲೂಕು ಆಸ್ಪತ್ರೆಯಲ್ಲಿ ಭಾನುವಾರದ ಡ್ಯೂಟಿಯಲ್ಲಿದ್ದವರು ಡಾಕ್ಟರ್ ಹುಮೇರಾ ಎಂಬ ಹೆಣ್ಣುಮಗಳು. ಸಣ್ಣ ವಯಸ್ಸು, ಚುರುಕು ಕಣ್ಣು. ಟಾರ್ಚು ಬಿಟ್ಟು ನೋಡಿ, "ಏನ್ ಬಿತ್ತು ಕಣ್ಣಾಗ?" ಎಂದು ಕೇಳಿದರು.

"ಸುಣ್ಣರೀ ಮೇಡಂ" ಎಂದ ಹುಲಿಗೇಶ. "ತಂಬಾಕಿನ ಸುಣ್ಣದ ಡಬ್ಬಿ ಒತ್ತಿದಾಗ ಸಿಡೀತು."

"ಯಾವಾಗ?"

"ಈಗ ಮುಂಜಾನಿ."

ಎಷ್ಟು ಸರಾಗವಾಗಿ ಹೇಳಿದ! ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉರು ಹೊಡೆದು ಬಂದಿದ್ದ. ಡಾಕ್ಟರು ತಲೆ ಆಡಿಸಿ ನರ್ಸಿಗೆ ಏನೋ ಹೇಳುತ್ತ ಬರೆಯತೊಡಗಿದರು. ಅಮರಮ್ಮ ಬೆಂಚಿನ ಅಂಚು ಹಿಡಿದು ನಿಂತಿದ್ದಳು. ಹೊರಗೆ ಕಂಬದ ಹತ್ತಿರ ಮೌನಪ್ಪ ಎಂಬ ಪೊಲೀಸ್ ಕಾನ್‌ಸ್ಟೇಬಲ್ ಯಾವುದೋ ಅಪಘಾತದ ಕಾಗದ ಹಿಡಿದು ಕಾಯುತ್ತಿದ್ದ. ಅವನ ಖಾಕಿ ಅವಳಿಗೆ ಬಾಗಿಲಿನಿಂದ ಕಾಣುತ್ತಿತ್ತು. ಸುಣ್ಣ ಎಂದೇ ಬಿಟ್ಟರೆ ಸುಣ್ಣದ ಔಷಧ ಹಾಕುತ್ತಾರೆ. ಒಳಗೆ ಇಳಿದ ಚಮಚವನ್ನು ಯಾರೂ ಕೇಳುವುದಿಲ್ಲ. ಕಳ್ಳಿ ಎಂದರೆ ಯಾಕೆ ಎಂದು ಕೇಳುತ್ತಾರೆ, ಆಮೇಲೆ ಒಂದೊಂದು ಎಳೆಯೂ ಬಿಚ್ಚುತ್ತದೆ. ಬದುಕಿನಲ್ಲಿ ಅಷ್ಟು ಅಂಜಿದ್ದು ಅವಳಿಗೆ ನೆನಪಿಲ್ಲ.

"ಸುಣ್ಣ ಅಲ್ರೀ ಮೇಡಂ" ಅಂದಳು. ದನಿ ಅವಳದೇ ಎಂದು ಅವಳಿಗೆ ಗುರುತು ಸಿಗಲಿಲ್ಲ. "ಕಳ್ಳಿ ಹಾಲು. ಶುಕ್ರವಾರ ಬಿದ್ದದ. ಇವತ್ತು ಮುಂಜಾನಿ ಅದನ್ನ ಕುದಿಸಿದ್ದು ಒಂದ್ ಚಮಚ ಬಾಯಾಗೂ ಹಾಕ್ಕೊಂಡಾನ. ಥಿನ್ನರೂ ಕೂಡಿತ್ತು."

"ಅಕ್ಕಾ!" ಎಂದ ಹುಲಿಗೇಶ.

"ಸುಮ್ಕಿರಲೇ. ನಿನ್ನ ಕಣ್ಣು ಹೋದ ಮ್ಯಾಲ ಆ ನೌಕರಿ ತಗೊಂಡು ಏನ್ ಮಾಡ್ಲಿ?" ಅವಳು ಡಾಕ್ಟರ ಕಡೆ ತಿರುಗಿದಳು. "ಮೇಡಂ, ಇಂವ ನಶೆ ಸಾಮಾನು ತೆಗೀಬೇಕಂತ ಮನ್ಯಾಗ ಕಳ್ಳಿ ಕುದಿಸ್ಯಾನ. ಯಾವುದೋ ದೇಶದ ಗಿಡ ಅಂತ ತಿಳಕೊಂಡು ಬೇಲಿ ಕಳ್ಳಿ ತಂದಾನ. ಸೋಸಿದ ಗಾಜು ನಾನಽ ಕೊಟ್ಟದ್ದು, ನಮ್ಮ ಕಾಲೇಜಿಂದು. ಏನ್ ಬರಕೋತೀರಿ ಬರಕೋರಿ. ಮೊದಲು ಕಣ್ಣು ನೋಡ್ರಿ."

ಡಾಕ್ಟರ್ ಹುಮೇರಾ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ, ಬೈಯುವಷ್ಟು ಪುರುಸೊತ್ತು ಇರಲಿಲ್ಲ. ಎರಡು ನಿಮಿಷದಲ್ಲಿ ಆ ಕೋಣೆಯ ಗತಿಯೇ ಬದಲಾಯಿತು. ಸಲೈನ್ ಬಾಟಲಿ ಬಂತು, ಕಣ್ಣಿಗೆ ಮತ್ತೆ ಧಾರೆ ಬಿಟ್ಟರು, ಬಾಯಿ ತೆರೆಸಿ ಗಂಟಲು ನೋಡಿದರು, ರಾಯಚೂರಿನ ಕಣ್ಣಿನ ಆಸ್ಪತ್ರೆಗೆ ಫೋನು ಮಾಡಿ ಆಂಬುಲೆನ್ಸು ಕರೆಸಿದರು. ನಡುವೆ ಅಮರಮ್ಮನ ಕಡೆ ತಿರುಗಿ, "ಹೇಳಿದ್ದು ಛಲೋ ಮಾಡಿದ್ರಿ. ಸುಣ್ಣ ಅಂತ ಹೋಗಿದ್ರ ದಾರಿ ತಪ್ತಿತ್ತು" ಅಂದರು. ಆಮೇಲೆ ದನಿ ತಗ್ಗಿಸಿ, "ಆದ್ರ ಪೊಲೀಸ್ರಿಗೆ ತಿಳಸಬೇಕಾಗ್ತದ ಯವ್ವಾ, ಅದು ನಮ್ಮ ಕಾಯ್ದಿ" ಎಂದರು. ಅಮರಮ್ಮ ತಲೆಯಾಡಿಸಿದಳು.

ಮೌನಪ್ಪ ಬಂದು ಎಲ್ಲ ಕೇಳಿದ. ಮೊದಲು ಗಡಸಾಗಿಯೇ ನಿಂತಿದ್ದವನು ಬೇಲಿ ಕಳ್ಳಿ ಎಂದ ಕೂಡಲೇ ಬರೆಯುವುದನ್ನು ನಿಲ್ಲಿಸಿದ.

"ಯಪ್ಪಾ, ನಮ್ಮ ಹೊಲದ ಸುತ್ತೆಲ್ಲಾ ಇದಽ ಅದ. ಆಡು ಸೈತ ಮುಟ್ಟಂಗಿಲ್ಲ. ಎಂ.ಎಸ್ಸಿ. ಓದೀರಿ, ಆಡಿನಷ್ಟೂ ತಿಳೀಲಿಲ್ಲೇನ್ರೀ ನಿಮಗ?"

ನರ್ಸು ಮುಖ ತಿರುಗಿಸಿ ನಕ್ಕಳು. ಮೌನಪ್ಪ ಮಾತ್ರ ನಗಲಿಲ್ಲ. ಗಿಡ ಯಾವುದೇ ಇರಲಿ, ಮಾಡಲು ಹೊರಟದ್ದು ಸಣ್ಣ ಮಾತಲ್ಲ, ಸಾಹೇಬರು ಮನೆಗೆ ಬಂದು ಎಲ್ಲ ನೋಡುತ್ತಾರೆ, ಫೋನು ಕೇಳುತ್ತಾರೆ, ಕರೆದಾಗ ಇಬ್ಬರೂ ಬರಬೇಕು ಎಂದು ಹೇಳಿ ಅಮರಮ್ಮನ ಸಹಿ ತೆಗೆದುಕೊಂಡ. ಮುಂದೆ ಏನಾಗುವುದೆಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಸಹಿ ಸೊಟ್ಟಗೆ ಬಂತು.

ರಾಯಚೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಎರಡು ದಿನ ಕಳೆದವು. ಗಂಟಲಿನ ಬಾವು ಇಳಿಯಿತು, ಹೊಟ್ಟೆಯ ಭಯ ಕಳೆಯಿತು. ಕಣ್ಣಿನ ಮಾತು ಮಾತ್ರ ಯಾರೂ ಪೂರ್ತಿ ಆಡಲಿಲ್ಲ. "ಮೇಲಿನ ಪದರು ಸುಟ್ಟದ, ಒಳಗೂ ಬಾವು ಅದ. ಕೆಲವರಿಗೆ ವಾರಗಟ್ಟಲೆ ಆದ ಮ್ಯಾಲ ತಿಳಿ ಆಗ್ತದ. ಈಗಽ ಏನೂ ಹೇಳಾಕ ಬರಂಗಿಲ್ಲ" ಅಂದರು ಅಲ್ಲಿನ ಡಾಕ್ಟರು. ಅಮರಮ್ಮ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರ ಮುಂದೆ ಫನಲ್ಲಿನ ವಿಷಯ ತಾನೇ ಹೇಳಿ ಬಂದಳು. ಅವರು ಬರೆದು ಕೊಡಿ ಅಂದರು, ಬರೆದು ಕೊಟ್ಟಳು. ವಿಚಿತ್ರವೆಂದರೆ ಅದಕ್ಕೆ ಅವಳಿಗೆ ಅಂಜಿಕೆಯೇ ಆಗಲಿಲ್ಲ. ಇದ್ದಬದ್ದ ಅಂಜಿಕೆಯನ್ನೆಲ್ಲ ಆ ಒಂದು ಕಣ್ಣು ನುಂಗಿಕೊಂಡಿತ್ತು.

ಹುಲಿಗೇಶ ಹಾಸಿಗೆಯ ಮೇಲೆ ಕೂತು ಅವಳನ್ನು ಸಮಾಧಾನ ಮಾಡುವ ಕೆಲಸ ಹಿಡಿದಿದ್ದ. ನೋವಿಲ್ಲ ಅನ್ನುವನು. ನಿನ್ನೆಗಿಂತ ಇವತ್ತು ಎಷ್ಟೋ ಮೇಲು ಅನ್ನುವನು. ಊಟ ಬಿಟ್ಟಿದ್ದ ಅಕ್ಕನಿಗೆ ರೊಟ್ಟಿ ಮುರಿದು ತಿನ್ನಿಸುವನು. ಅವನ ಒಂದೊಂದು ಸಮಾಧಾನಕ್ಕೂ ಅವಳ ಎದೆಯಲ್ಲಿ ಆ ಸುಣ್ಣದ ಡಬ್ಬಿಯ ಸುಳ್ಳು ಸಿಡಿಯುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ನರ್ಸು ದಾನೇಶ್ವರಿ ಔಷಧ ಬಿಡಲು ಬಂದು ಕಣ್ಣಿನ ಪಟ್ಟಿ ಬಿಚ್ಚಿದಳು. ದೊಡ್ಡ ಡಾಕ್ಟರು ಹನ್ನೊಂದಕ್ಕೆ ಬಂದು ಪರೀಕ್ಷೆ ಮಾಡುತ್ತಾರೆ, ಅಲ್ಲಿಯ ತನಕ ಗಾಳಿಯಾಡಲಿ ಅಂದಳು. ಬಾವು ಇಳಿದು ಕಣ್ಣು ಪೂರ್ತಿ ತೆರೆದಿತ್ತು. ಕೆಂಪು ಕಡಿಮೆಯಾಗಿತ್ತು.

"ಕಾಣಸ್ತದೇನ್ರೀ ಸರ್?"

"ಹ್ಞೂಂ, ಕಾಣಸ್ತದ. ಸ್ವಲ್ಪ ಮಸುಕು ಅದ, ಅಷ್ಟಽ" ಎಂದು ಹುಲಿಗೇಶ ನಕ್ಕ. "ಅಕ್ಕಾ, ಕೇಳಿದಿಲ್ಲೋ? ಇನ್ನರ ಹೋಗಿ ಚಹಾ ಕುಡದು ಬಾ."

ನರ್ಸು ಸಂತೋಷಪಟ್ಟು ಮುಂದಿನ ಹಾಸಿಗೆಗೆ ಹೋದಳು. ಅಮರಮ್ಮ ಚಹಾಕ್ಕೆ ಹೋಗಲಿಲ್ಲ. ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ಅವನ ಎದುರು ಬಂದು, ಮೊಳದಷ್ಟು ದೂರದಲ್ಲಿ ಕೂತಳು. ಬಲಗೈ ಎತ್ತಿ ಅವನ ಎಡಗಣ್ಣನ್ನು, ಸರಿಯಿದ್ದ ಕಣ್ಣನ್ನು, ಅಂಗೈಯಿಂದ ಮುಚ್ಚಿದಳು. ಅವನು ಬೇಡವೆನ್ನುವ ಹಾಗೆ ತಲೆ ಸರಿಸಲು ನೋಡಿದ. ಅವಳು ಬಿಡಲಿಲ್ಲ.

"ಹೇಳು ಹುಲಿಗ್ಯಾ. ಈಗ ನಾ ಏನ್ ಮಾಡಾಕತ್ತೀನಿ?"

ಅವನು ಬಹಳ ಹೊತ್ತು ನೋಡಿದ. ಅವಳ ಮುಖದ ಕಡೆಗೆ ಬಾಗಿ, ಹುಬ್ಬು ಗಂಟಿಕ್ಕಿ, ಆಮೇಲೆ ಅವಳಿಗೆ ಧೈರ್ಯ ಬರಲೆಂದು ಬಾಯಿ ತುಂಬ ಹೇಳಿದ.

"ನಗಾಕತ್ತಿ ಅಕ್ಕಾ."

ಅಮರಮ್ಮ ಅಳುತ್ತಿದ್ದಳು. ಸದ್ದು ಹೊರಬೀಳದಂತೆ ತುಟಿ ಕಚ್ಚಿಕೊಂಡು, "ಹೌದಪ್ಪಾ, ನಗಾಕತ್ತೀನಿ" ಎಂದಳು.